ಇಳಿಜಾರಿನ ಹೊಲದಾಗ ಮಿನಿ ಟ್ರ್ಯಾಕ್ಟರ್: ಕೋಟನೂರ–ಕಮಲಾಪುರ ಭಾಗದ ರೈತರು ತಿಳಿದಿರಬೇಕಾದ್ದು

ಕಲಬುರಗಿ: ಕೋಟನೂರ ಸುತ್ತಲಿನ ಎರಿ ಹೊಲದಾಗ ಟ್ರ್ಯಾಕ್ಟರ್ ಕಲಿತವರಿಗೆ ಇಳಿಜಾರಿನ ಅಂಜಿಕೆ ಕಡಿಮೆ. ನೆಲ ಸಪಾಟು, ತೊಗರಿ ಸಾಲಿನ ನಡುವೆ ಹೋಗೋದು ಬರೋದು, ಅಷ್ಟೇ. ಅದೇ ಗಾಡಿ ಬಾಡಿಗೆಗೆ ಅಂತ ಕಮಲಾಪುರ ಕಡೆ ಹೋದಾಗ ಲೆಕ್ಕ ಬದಲಾಗುತ್ತದೆ. ಅಲ್ಲಿ ಕೆಂಪು ಮಣ್ಣು, ಗುಡ್ಡದ ಓರೆ, ಬಾಳಿ ತೋಟಕ್ಕೆ ಇಳಿಯುವ ಇಕ್ಕಟ್ಟಿನ ದಾರಿ. ಹಾಗಂತ ಕೋಟನೂರ ಕಡೆ ಅಪಾಯವೇ ಇಲ್ಲ ಅಂತಲ್ಲ. ಹಳ್ಳದ ದಂಡಿ, ಹೊಲದ ಒಡ್ಡು, ಕೃಷಿ ಹೊಂಡದ ಏರಿ, ಎತ್ತರದ ರಸ್ತೆಯಿಂದ ಹೊಲಕ್ಕೆ ಇಳಿಯುವ ಜಾಗ, ಇವೂ ಇಳಿಜಾರೇ.

15ರಿಂದ 30 ಎಚ್‌ಪಿ ಒಳಗಿನ ಸಣ್ಣ ಟ್ರ್ಯಾಕ್ಟರ್ ಸಾಲಿನ ನಡುವೆ ಹಾಯಲಿ ಅಂತಲೇ ಅಗಲ ಕಡಿಮೆ ಮಾಡಿರುತ್ತಾರೆ. ಅಗಲ ಕಡಿಮೆಯಾದಷ್ಟೂ ಪಕ್ಕಕ್ಕೆ ಉರುಳುವುದು ಸುಲಭ. "ಸಣ್ಣ ಗಾಡಿ, ಏನಾಗ್ತದ" ಅನ್ನೋ ಮಾತು ಇಲ್ಲಿ ತಲೆಕೆಳಗು. ಕಟ್ಟಿಗೆ, ಮೇವು, ಔಷಧಿ ಟ್ಯಾಂಕ್ ಏನೇ ಎತ್ತರದಲ್ಲಿ ಹೇರಿದರೂ ಭಾರದ ಕೇಂದ್ರ ಮೇಲೇರುತ್ತದೆ. ವೇಗದ್ದು ಇನ್ನೊಂದು ಲೆಕ್ಕ: ತಿರುವಿನಲ್ಲಿ ವೇಗ ಎರಡು ಪಟ್ಟಾದರೆ ಹೊರಕ್ಕೆ ತಳ್ಳುವ ಬಲ ನಾಲ್ಕು ಪಟ್ಟು.

ಇಳಿಜಾರು ಎಷ್ಟಿದೆ ಅಂತ ಕಣ್ಣಂದಾಜಿನಲ್ಲಿ ಹೇಳಿದರೆ ಸಾಮಾನ್ಯವಾಗಿ ತಪ್ಪುತ್ತದೆ. 5 ಅಡಿಯ ನೇರ ಕಟ್ಟಿಗೆ ತಗೊಂಡು ಒಂದು ತುದಿ ಮೇಲ್ಭಾಗದ ನೆಲಕ್ಕೆ ತಾಗಿಸಿ, ಗೌಂಡಿಗಳ ರಸಮಟ್ಟ ಇಟ್ಟು ಸಮ ಹಿಡಿಯಬೇಕು. ಇನ್ನೊಂದು ತುದಿಯಿಂದ ನೆಲಕ್ಕೆ ಸುಮಾರು 10–11 ಇಂಚು ಬಂದರೆ ಇಳಿಜಾರು 10 ಡಿಗ್ರಿ, 16 ಇಂಚು ಬಂದರೆ 15 ಡಿಗ್ರಿ. 15 ಡಿಗ್ರಿ ಮುಟ್ಟಿದ ಮೇಲೆ ಅಡ್ಡಡ್ಡ ಓಡಿಸುವ ಮಾತೇ ಬೇಡ. 10 ಡಿಗ್ರಿ ಇದ್ದರೂ ಒಂದು ಬದಿ ಕಲ್ಲು, ಇನ್ನೊಂದು ಬದಿ ತಗ್ಗು ಸಿಕ್ಕರೆ ಗಾಡಿಯ ಓರೆ ಅದಕ್ಕಿಂತ ಬಹಳ ಹೆಚ್ಚಾಗುತ್ತದೆ. ಅದಕ್ಕೇ ಮೊದಲು ನಡೆದು ನೋಡೋದು, ಆಮೇಲೆ ಗಾಡಿ ಇಳಿಸೋದು.

ಕಡಿದಾದ ಏರಿದ್ದರೆ ರಿವರ್ಸ್‌ನಲ್ಲಿ ಹತ್ತಿ, ಮುಂದಕ್ಕೆ ಇಳಿಯುವುದು ಕ್ಷೇಮ. ಟ್ರ್ಯಾಕ್ಟರ್‌ನ ಹೆಚ್ಚಿನ ಭಾರ ಹಿಂದಿನ ಗಾಲಿ ಮೇಲಿರುತ್ತದೆ. ಆ ಭಾರದ ಬದಿ ಯಾವಾಗಲೂ ಮೇಲಕ್ಕೇ ಇರಬೇಕು. ಮುಂದಕ್ಕೆ ಹತ್ತುವಾಗ ಹಿಂದೆ ರೋಟಾವೇಟರ್ ಎತ್ತಿ ಹಿಡಿದಿದ್ದರೆ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಹಿಂಗಾಲಿ ಕೆಸರಿನಾಗ ಹೂತಾಗಂತೂ ಕ್ಲಚ್ ಜಗ್ಗನೆ ಬಿಡಬಾರದು. ಗಾಲಿ ತಿರುಗದೆ ಇದ್ದರೆ ಎಂಜಿನ್ ಬಲವೆಲ್ಲ ಮೂತಿ ಎತ್ತುವುದಕ್ಕೆ ಹೋಗುತ್ತದೆ. ಹೀಗೆ ಎದ್ದ ಗಾಡಿ ಮತ್ತೆ ತಡೆಯಲಾಗದ ಹಂತ ಮುಟ್ಟಲು ಒಂದು ಸೆಕೆಂಡೂ ಬೇಡ. ಎಳೆಯುವ ಸರಪಳಿ ಅಥವಾ ಹಗ್ಗವನ್ನು ಕೆಳಗಿನ ಹುಕ್ಕಿಗೇ ಹಾಕಬೇಕು. ಟಾಪ್ ಲಿಂಕ್‌ಗೋ ಆಕ್ಸಲ್‌ಗೋ ಕಟ್ಟಿದರೆ ಗಾಡಿ ಹಿಂದಕ್ಕೆ ಮಗುಚುತ್ತದೆ.

ಇಳಿಯುವಾಗಿನ ತಪ್ಪು ಬೇರೆ ರೀತಿಯದು. ಹೆಚ್ಚಿನ ಟ್ರ್ಯಾಕ್ಟರ್‌ಗಳಲ್ಲಿ ಬ್ರೇಕ್ ಇರೋದು ಹಿಂದಿನ ಗಾಲಿಗಷ್ಟೇ. ಇಳಿಜಾರಿನಲ್ಲಿ ಭಾರ ಮುಂದಕ್ಕೆ ಸರಿದು ಆ ಗಾಲಿಗಳೇ ಹಗುರಾಗಿರುತ್ತವೆ, ಬ್ರೇಕ್ ಒತ್ತಿದ ಕೂಡಲೇ ಜಾರುತ್ತವೆ. ಫೋರ್ ವೀಲ್ ಇರುವ ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಇಳಿಯುವ ಮುಂಚೆಯೇ ಫೋರ್ ವೀಲ್ ಹಾಕಿಕೊಂಡರೆ ಮುಂದಿನ ಗಾಲಿಗೂ ಹಿಡಿತ ಬರುತ್ತದೆ. ಬಹಳ ಜನ ಇದನ್ನು ಕೆಸರಿಗಷ್ಟೇ ಅಂತ ತಿಳಿದಿದ್ದಾರೆ. ಎಡ–ಬಲ ಬ್ರೇಕ್ ಪೆಡಲ್ ಎರಡನ್ನೂ ಲಾಕ್ ಮಾಡಿರಬೇಕು, ಇಲ್ಲವಾದರೆ ಗಾಡಿ ಒಂದೇ ಬದಿಗೆ ಗಿರಕಿ ಹೊಡೆಯುತ್ತದೆ. ಲೋ ಗೇರ್ ಮೇಲೇ ಹಾಕಿಕೊಂಡು ಇಳಿಯಬೇಕು. ನಡು ಇಳಿಜಾರಿನಲ್ಲಿ ಕ್ಲಚ್ ಒತ್ತಿ ಗೇರ್ ಬದಲಿಸಲು ಹೋದರೆ ಎಂಜಿನ್ ಹಿಡಿತ ತಪ್ಪಿ ಗಾಡಿ ಓಡುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವವರ ಬಗ್ಗೆ ಹೇಳುವುದೇ ಬೇಡ.

ಟ್ರಾಲಿ ಇದ್ದರೆ ಇನ್ನೂ ಕಷ್ಟ. ಬ್ರೇಕ್ ಇಲ್ಲದ ತುಂಬಿದ ಟ್ರಾಲಿ ಇಳಿಜಾರಿನಲ್ಲಿ ಹಗುರ ಟ್ರ್ಯಾಕ್ಟರನ್ನು ಹಿಂದಿನಿಂದ ನೂಕಿ ಅಡ್ಡ ತಿರುಗಿಸಿಬಿಡುತ್ತದೆ. ದೊಡ್ಡ ಟ್ರ್ಯಾಕ್ಟರ್‌ನ ಟ್ರಾಲಿ ಸಣ್ಣದಕ್ಕೆ ಕಟ್ಟುವ ಚಟ ಬಿಡಬೇಕು. ಕಳೆ ತೆಗೆಯಲು ಹೋಗುವ ಹೆಣ್ಣುಮಕ್ಕಳನ್ನು ಟ್ರಾಲಿಯಲ್ಲಿ, ಹುಡುಗರನ್ನು ಮಡ್‌ಗಾರ್ಡ್ ಮೇಲೆ ಕೂರಿಸುವುದನ್ನೂ.

ಅಡ್ಡ ಹೋಗುವಾಗ ಗಾಡಿ ಓರೆಯಾಗುತ್ತಿದೆ ಅನಿಸಿದರೆ ಸ್ಟೇರಿಂಗ್ ಇಳಿಜಾರಿನ ಕಡೆಗೇ ತಿರುಗಿಸಬೇಕು. ಮನಸ್ಸು ಮೇಲಕ್ಕೆ ತಿರುಗಿಸು ಅಂತ ಹೇಳುತ್ತದೆ, ಆದರೆ ಉರುಳುವುದು ಹಾಗೆ ಮಾಡಿದಾಗಲೇ. ಹಿಂದಿನ ಗಾಲಿಗಳ ಅಂತರ ಹೆಚ್ಚಿಸಿಕೊಂಡರೆ, ಟೈರಿನಲ್ಲಿ ಮುಕ್ಕಾಲು ಭಾಗ ನೀರು ತುಂಬಿಸಿಕೊಂಡರೆ ಗಾಡಿ ನೆಲ ಹಿಡಿದು ನಿಲ್ಲುತ್ತದೆ. ನೀರು ಹೆಪ್ಪುಗಟ್ಟುವ ಚಳಿ ನಮ್ಮಲ್ಲಿಲ್ಲ, ಹಾಗಾಗಿ ಬಾವಿ ನೀರೇ ಸಾಕು.

ದಂಡಿಯ ಲೆಕ್ಕ ಸರಳ: ಹಳ್ಳ ಎಷ್ಟು ಆಳವೋ ಕನಿಷ್ಠ ಅಷ್ಟು ದೂರ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯ ಹೊಂಡಗಳ ಆಳ ಸಾಮಾನ್ಯವಾಗಿ 3 ಮೀಟರ್. ಅಂದರೆ ಅಂಚಿನಿಂದ 10 ಅಡಿ ಒಳಗೆ ಗಾಲಿ ಬರಬಾರದು. ಎರಿ ಮಣ್ಣಾದರೆ ಇದೂ ಸಾಲದು. ಬೇಸಿಗೆಯಲ್ಲಿ ಬಿರುಕು ಬಿಟ್ಟ ದಂಡಿ ಮೊದಲ ಮಳಿಗೆ ನೀರು ಕುಡಿದು ದಿಡೀರನೆ ಕುಸಿಯುತ್ತದೆ. ಜೂನ್ ತಿಂಗಳ ಬಿತ್ತನೆ ಅವಸರದಲ್ಲಿ ಇದನ್ನು ಮರೆಯುವುದೇ ಹೆಚ್ಚು.

ಇಷ್ಟೆಲ್ಲ ಮಾಡಿದರೂ ಗಾಡಿ ಉರುಳಬಹುದು. ಆಗ ಜೀವ ಉಳಿಸುವುದು ಸೀಟಿನ ಹಿಂದಿನ ಕಬ್ಬಿಣದ ಕಮಾನು ಮತ್ತು ಸೀಟ್ ಬೆಲ್ಟ್. ಹೊಸ ಟ್ರ್ಯಾಕ್ಟರ್‌ಗಳಿಗೆ ಈ ರಕ್ಷಣೆ ಇರಲೇಬೇಕೆಂದು ಸ್ವೀಡನ್ 1959ರಲ್ಲೇ ಕಾನೂನು ಮಾಡಿತು. ಮುಂದಿನ ವರ್ಷಗಳಲ್ಲಿ ಅಲ್ಲಿ ಉರುಳಿ ಸಾಯುವವರ ಸಂಖ್ಯೆ ತೀರ ಇಳಿಯಿತು. ಬಿಸಿಲಿಗೆ ಹಾಕಿಸುವ ತಗಡಿನ ಟಾಪ್ ಈ ಕೆಲಸ ಮಾಡುವುದಿಲ್ಲ, ಗಾಡಿಯ ಭಾರಕ್ಕೆ ಅಪ್ಪಚ್ಚಿಯಾಗುತ್ತದೆ. ಕಮಾನು ಇದ್ದರೆ ಬೆಲ್ಟ್ ಹಾಕಲೇಬೇಕು, ಹಾರಲು ಹೋಗಬಾರದು. ಕಮಾನು ಇಲ್ಲದಿದ್ದರೆ, ಅಥವಾ ತೋಟದಾಗ ಗಿಡ ಅಡ್ಡ ಬರುತ್ತದೆಂದು ಮಡಚಿದ್ದರೆ, ಬೆಲ್ಟ್ ಹಾಕಬಾರದು. ಹೊಸ ಗಾಡಿ ಕೊಳ್ಳುವವರು ರೇಟಿನ ಜತೆ ಇದನ್ನೂ ಕೇಳಬೇಕು.

ಉರುಳಿದ ಗಾಡಿ ಕೆಳಗೆ ಯಾರಾದರೂ ಸಿಕ್ಕಿದ್ದರೆ ಮೊದಲು ಎಂಜಿನ್ ಬಂದ್ ಮಾಡಿ, ಬೀಡಿ–ಬೆಂಕಿ ದೂರ ಇಟ್ಟು, 108 ಅಥವಾ 112ಕ್ಕೆ ಫೋನ್ ಮಾಡಬೇಕು. ಹತ್ತು ಮಂದಿ ಕೂಡಿ ಒಂದೇ ಸಲ ಎತ್ತಲು ಹೋಗಿ ಕೈಬಿಟ್ಟರೆ ಭಾರ ಮತ್ತೆ ಅವರ ಮೇಲೇ ಬೀಳುತ್ತದೆ. ಗಾಡಿ ಇನ್ನಷ್ಟು ಜಾರದಂತೆ ಮೊದಲು ಕಲ್ಲು, ದಿಮ್ಮಿ ಕೊಟ್ಟು, ಎತ್ತಿದಷ್ಟಕ್ಕೂ ಆಸರೆ ಇಡುತ್ತ ಹೋಗಬೇಕು. ಒಬ್ಬರು ದೊಡ್ಡ ರಸ್ತೆಗೆ ಬಂದು ಅಂಬ್ಯುಲೆನ್ಸ್‌ಗೆ ಹೊಲದ ದಾರಿ ತೋರಿಸಲು ನಿಲ್ಲಬೇಕು.