ಹದವರಿತ ದುಡಿಮೆ (ದೀರ್ಘಕಾಲದ ಆಯಾಸ ರೋಗ)

ದೀರ್ಘಕಾಲದ ಆಯಾಸ ರೋಗವಿರುವವರು ಮೈಯ ಕಸುವು ಮೀರದಂತೆ ದಿನದ ಕೆಲಸ ಹಂಚಿಕೊಳ್ಳುವ ಕ್ರಮ. ಪೇಸಿಂಗ್ ಎಂದೂ ಕರೆಯುತ್ತಾರೆ. ಇದನ್ನು ಸೋಮಾರಿತನವೆಂದು ಹಂಗಿಸುವುದು ಅನ್ಯಾಯ. ಅತಿಶ್ರಮದ ಪೆಟ್ಟು ಕೂಡಲೇ ಕಾಣದೆ ಒಂದೆರಡು ದಿನ ಬಿಟ್ಟು ಬರಬಹುದು, ವಾರಗಟ್ಟಲೆ ಮಲಗಿಸಬಹುದು. ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ, ಈ ರೋಗಿಗಳಿಗೆ ವ್ಯಾಯಾಮವನ್ನು ಹಂತಹಂತವಾಗಿ ಹೆಚ್ಚಿಸುವ ಚಿಕಿತ್ಸೆ ಬೇಡವೆಂದಿತು.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ರೇಷ್ಮೆ ಸಾಕುವ ಮನೆಗಳಲ್ಲಿ ಈ ಕ್ರಮ ಪಾಲಿಸುವುದು ಕಷ್ಟ. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳು ಹೊತ್ತುಹೊತ್ತಿಗೆ ರಾಶಿ ಸೊಪ್ಪು ಮೇಯುತ್ತದೆ. ಗೂಡು ಕಟ್ಟಲು ಹಣ್ಣಾದ ಹುಳುವನ್ನು ಚಂದ್ರಿಕೆ ತಟ್ಟಿಗೆ ಬಿಡುವುದನ್ನು ನಾಳೆಗೆ ಇಡುವಂತಿಲ್ಲ. ಸೊಪ್ಪು ಕೊಯ್ದು ಹೊರುವುದನ್ನು ಮನೆಯ ಬೇರೆಯವರು ವಹಿಸಿಕೊಳ್ಳಬೇಕು. ಮೈ ಒಪ್ಪಿದಷ್ಟು ಹೊತ್ತು ರೋಗಿ ಕೂತು ಹುಳು ಹೆಕ್ಕಬಹುದು, ದಣಿವಾಗುವ ಮುಂಚೆಯೇ ಏಳಬೇಕು. ಚೆನ್ನಾಗಿರುವ ದಿನ ಬಾಕಿ ಕೆಲಸವೆಲ್ಲ ಮುಗಿಸಿಬಿಡುವ ಹಟವೇ ಹೆಚ್ಚು ಅಪಾಯ. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಬರುವ ಹರಕೆಯಿದ್ದರೂ ಬಸ್ಸೇ ಲೇಸು.

ಸುಸ್ತೆಲ್ಲ ಈ ರೋಗವಲ್ಲ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಷಯಗಳನ್ನು ಮೊದಲು ಪರೀಕ್ಷಿಸಬೇಕು. ಬಿಳಿಗಿರಿರಂಗನಬೆಟ್ಟದ ಸೋಲಿಗರಲ್ಲಿ ಕುಡಗೋಲು ಕಣ ರಕ್ತಹೀನತೆಯನ್ನೂ.