ತೂಕದ ಆಪರೇಷನ್ ಆದ್ಮೇಲೆ ‘ಒಂದೇ ಪೆಗ್’: ತಿಳಿದಿರಬೇಕಾದ ವಿಷಯಗಳು

ಬಾಡೂಟ ಇರಲಿ, ಗೆಳೆಯರ ಪಾರ್ಟಿ ಇರಲಿ, ‘ಒಂದೇ ಪೆಗ್, ಏನೂ ಆಗಲ್ಲ’ ಅನ್ನೋರು ಇದ್ದೇ ಇರ್ತಾರೆ. ಆದರೆ ತೂಕ ಇಳಿಸೋಕೆ ಬೇರಿಯಾಟ್ರಿಕ್ ಸರ್ಜರಿ ಮಾಡಿಸಿಕೊಂಡವರಿಗೆ ಅದು ಮೊದಲಿನ ಪೆಗ್ ಅಲ್ಲ.

ಕಾರಣ: ಸ್ಲೀವ್ ಸರ್ಜರಿಯಲ್ಲಿ ಜಠರದ ಸುಮಾರು ಶೇ. 80 ಭಾಗ ತೆಗೆಯುತ್ತಾರೆ. ಬೈಪಾಸ್‌ನಲ್ಲಿ ಜಠರವನ್ನು ಪುಟ್ಟ ಚೀಲದಷ್ಟು ಮಾಡಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಹೀಗಾಗಿ, ಮುಖ್ಯವಾಗಿ ಬೈಪಾಸ್ ಆದವರಲ್ಲಿ, ಮದ್ಯ ಬೇಗ ಕರುಳು ಸೇರಿ ಕೆಲವೇ ನಿಮಿಷದಲ್ಲಿ ರಕ್ತಕ್ಕೆ ಹೋಗುತ್ತದೆ.

ತೂಕ: 60 ಎಂಎಲ್ ವಿಸ್ಕಿಯಲ್ಲಿ ಸುಮಾರು 140 ಕ್ಯಾಲರಿ ಇದೆ, ಪೌಷ್ಟಿಕಾಂಶ ಇಲ್ಲ.

ಅಪಾಯ: ಊಟ ಕಮ್ಮಿ ಇರುವಾಗ ಕುಡಿದರೆ ರಕ್ತದ ಸಕ್ಕರೆ ಕುಸಿಯಬಹುದು. ತಲೆಸುತ್ತು, ತೊದಲು ಮಾತು ನೋಡಿ ಜನ ‘ಎಣ್ಣೆ ಜಾಸ್ತಿ ಆಯ್ತು’ ಅಂತ ಸುಮ್ಮನಾಗಿಬಿಡ್ತಾರೆ. ಬೈಪಾಸ್ ಆದವರಲ್ಲಿ ಎರಡನೇ ವರ್ಷದಿಂದ ಕುಡಿತದ ಚಟ ಅಂಟುವ ಅಪಾಯವೂ ಹೆಚ್ಚು.

ಗಾಡಿ: ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ಒಂದೇ ಪೆಗ್‌ಗೆ ಇದು ದಾಟಬಹುದು. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂ. ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ.

ಏನು ಮಾಡಬೇಕು: ಆಪರೇಷನ್ ಆಗಿ ಕನಿಷ್ಠ 6 ತಿಂಗಳಿಂದ 1 ವರ್ಷ ಮುಟ್ಟಲೇಬಾರದು ಅನ್ನೋದು ವೈದ್ಯರ ಸಾಮಾನ್ಯ ಸಲಹೆ. ಆಮೇಲೂ ಆಪರೇಷನ್ ಮಾಡಿದ ವೈದ್ಯರನ್ನು ಕೇಳದೆ ಬೇಡ. ಪಾರ್ಟಿ ಕೊಡೋರು ಒತ್ತಾಯ ಮಾಡದೆ, ಅವರ ಕೈಗೆ ಮಜ್ಜಿಗೆ ಲೋಟ ಕೊಟ್ಟರೆ ಸಾಕು.