ಪೆರಂಬೂರಿನ ಗಿರಣಿ: ಬೀಗ ಬಿದ್ದ ಮೇಲಿನ ಚರಿತ್ರೆ

ಕಾರ್ಖಾನೆಗಳ ಚರಿತ್ರೆಯನ್ನು ಬರೆಯುವವರು ಅವುಗಳ ಸ್ಥಾಪನೆಯಿಂದ ತೊಡಗಿ, ಬಾಗಿಲಿಗೆ ಬೀಗ ಬಿದ್ದ ದಿನಕ್ಕೆ ಲೇಖನಿಯನ್ನು ಕೆಳಗಿಡುವುದು ವಾಡಿಕೆ. ಆದರೆ ಯಂತ್ರ, ಕಟ್ಟಡ, ನೆಲ, ಕಾಗದಪತ್ರ, ಕೆಲಸಗಾರ ಇವು ಒಂದೊಂದೂ ತಮ್ಮ ತಮ್ಮ ದಾರಿ ಹಿಡಿಯುವುದು ಆ ದಿನದಿಂದಲೇ. ಚೆನ್ನೈ ನಗರದ ಪೆರಂಬೂರಿನಲ್ಲಿದ್ದ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳು ಈ ಮಾತಿಗೆ ನಿದರ್ಶನ.

ಬಿನ್ನಿ ಸಂಸ್ಥೆಯ ಆಶ್ರಯದಲ್ಲಿ ಮೊದಲನೆಯದು 1870ರ ದಶಕದಲ್ಲಿಯೂ ಎರಡನೆಯದು ಅದರ ಮುಂದಿನ ದಶಕದಲ್ಲಿಯೂ ಸ್ಥಾಪಿತವಾಗಿ, 1920ರಲ್ಲಿ ಒಂದುಗೂಡಿದವು. ಸೈನಿಕರ ಖಾಕಿ ಬಟ್ಟೆಗೆ ಇವು ಹೆಸರಾಗಿದ್ದವು. 1918ರ ಏಪ್ರಿಲಿನಲ್ಲಿ ಬಿ. ಪಿ. ವಾಡಿಯಾ ಅವರ ನಾಯಕತ್ವದಲ್ಲಿ ಮದರಾಸು ಕಾರ್ಮಿಕ ಸಂಘವು ಹುಟ್ಟಿದ್ದು ಇಲ್ಲಿನ ಕೆಲಸಗಾರರ ನಡುವೆಯೇ. ಭಾರತದ ಸಂಘಟಿತ ಕಾರ್ಮಿಕ ಚಳುವಳಿಯಲ್ಲಿ ಅದಕ್ಕೆ ಅಗ್ರಸ್ಥಾನ. 1921ರ ದೀರ್ಘ ಮುಷ್ಕರವು ಆ ಚಳುವಳಿಯ ಕಠಿಣ ಪರೀಕ್ಷೆಯಾಯಿತು.

1996ರಲ್ಲಿ ಗಿರಣಿ ಮುಚ್ಚಿತು. ಮುಂದಿನ ವರ್ಷಗಳಲ್ಲಿ ಬರಿದಾದ ಕಟ್ಟಡಗಳು ಚಲನಚಿತ್ರಗಳ ಚಿತ್ರೀಕರಣಕ್ಕೆ ಒದಗಿದವು. ನೆಲದ ಮೇಲೆ ಬಹುಮಹಡಿ ವಸತಿಗೃಹಗಳು ಎದ್ದವು. ಲೆಕ್ಕಪತ್ರದ ದೃಷ್ಟಿಯಿಂದ ಇದು ಸಹಜ. ಹಳೆಯ ಗಿರಣಿಯ ಮಗ್ಗಕ್ಕೂ ಕದಿರಿಗೂ ಗುಜರಿಯ ತೂಕದ ಬೆಲೆ ಮಾತ್ರ. ನಗರ ಬೆಳೆದಂತೆ ಬೆಲೆ ಏರುವುದು ನೆಲಕ್ಕೆ. ಆದುದರಿಂದಲೇ ಬೇಗ ತೆರವು ಮಾಡುವ ಆತುರವೂ ಹುಟ್ಟುತ್ತದೆ. ಬಣ್ಣದ ಮನೆಯ ಕೆಳಗಿನ ಮಣ್ಣು, ಬಾಯ್ಲರಿನ ಬೂದಿ, ಕಲ್ನಾರಿನ ಹೊದಿಕೆ ಇವುಗಳ ಪರೀಕ್ಷೆಗೆ ಕಾಲವೂ ಹಣವೂ ಬೇಕು. ಹಾಜರಿ ಪಟ್ಟಿ, ಕೂಲಿಯ ಪುಸ್ತಕಗಳ ಗತಿ ಇನ್ನೂ ಸೂಕ್ಷ್ಮವಾದುದು. ಕಬ್ಬಿಣವನ್ನು ಕರಗಿಸಿ ಮತ್ತೆ ಕಬ್ಬಿಣ ಮಾಡಬಹುದು. ರದ್ದಿಗೆ ಹೋದ ಕೂಲಿಯ ಪುಸ್ತಕವನ್ನು ಮತ್ತೆ ಬರೆಯಲಾಗದು.

ಕನ್ನಡಿಗರಿಗೆ ಇದು ಪರರ ಕಥೆಯಲ್ಲ. 1884ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯೂ ಬಿನ್ನಿಯವರ ಆಡಳಿತದಲ್ಲಿಯೇ ಇದ್ದಿತು. ಅಲ್ಲಿಯೂ ಗಿರಣಿಯ ನೆಲವನ್ನು ವಸತಿ ಸಮುಚ್ಚಯವೂ ವ್ಯಾಪಾರ ಮಳಿಗೆಗಳೂ ಆಕ್ರಮಿಸಿವೆ. ಬಿನ್ನಿಪೇಟೆ ಎಂಬ ಹೆಸರು ಉಳಿದಿದೆ. ಅಮೆರಿಕದ ಲೋವೆಲ್ ಪಟ್ಟಣದಲ್ಲಿಯಾದರೋ 1978ರಲ್ಲಿ ಹತ್ತಿ ಗಿರಣಿಗಳ ನೆಲೆಯನ್ನು ರಾಷ್ಟ್ರೀಯ ಐತಿಹಾಸಿಕ ಉದ್ಯಾನವೆಂದು ಘೋಷಿಸಲಾಯಿತು.

ಎಲ್ಲ ಗಿರಣಿಗಳನ್ನೂ ಹಾಗೆ ಉಳಿಸುವುದು ಶಕ್ಯವಲ್ಲ, ಮನೆಗಳೂ ಬೇಕು. ಆದರೆ ನೆಲದ ಬೆಲೆ ಕಟ್ಟುವ ಮೊದಲು ಮಣ್ಣಿನ ಪರೀಕ್ಷೆ ನಡೆಯುವುದೂ, ದುಡಿದವರ ದಾಖಲೆಗಳು ಪತ್ರಾಗಾರವನ್ನು ಸೇರುವುದೂ ಶಕ್ಯ. ಅಷ್ಟಾದರೂ ಆಗದಿದ್ದರೆ, ಮುಂದಿನ ಚರಿತ್ರಕಾರನಿಗೆ ಕ್ರಯಪತ್ರಗಳು ಸಿಕ್ಕಾವು, ಕೆಲಸಗಾರರು ಸಿಗಲಾರರು.